ಕಂಕುಳಿನ ಕಡ್ಡಿ, ಹಣೆಯ ಬಂದೂಕು: ಎರಡು ಥರ್ಮಾಮೀಟರ್‌ಗಳ ತಪಾಸಣಾ ವರದಿ

ಮೂವತ್ತೊಂದು ವರ್ಷ ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದೆ. ಈಗ ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆ ಎಂಬ ಉದ್ದನೆಯ ಹೆಸರಿದೆ. ಸೊಪ್ಪಿನವರ ತಕ್ಕಡಿಯಿಂದ ಹಿಡಿದು ಕಬ್ಬಿನ ಲಾರಿ ಹತ್ತಿ ನಿಲ್ಲುವ ವೇಬ್ರಿಡ್ಜ್‌ವರೆಗೆ ಎಲ್ಲಕ್ಕೂ ಮುದ್ರೆ ಒತ್ತಿದ ಕೈ ಇದು. ಮಂಡ್ಯದಂಥ ಕಬ್ಬಿನ ಸೀಮೆಯಲ್ಲಿ ತೂಕದ ಜಗಳವೆಂದರೆ ಸಣ್ಣ ಜಗಳವಲ್ಲ. ರೈತರು ಒಂದು ಕಡೆ, ತೂಗುವವರು ಒಂದು ಕಡೆ, ನಡುವೆ ನಾನು ಪ್ರಮಾಣಿತ ತೂಕದ ಬಟ್ಟುಗಳನ್ನು ಇಳಿಸಿ ಮುಳ್ಳು ನೋಡಿ ಸಂಖ್ಯೆ ಹೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಆ ಅಭ್ಯಾಸದಲ್ಲೇ ಇದನ್ನು ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಹೇಳುವುದಿಲ್ಲ. ನಾನೀಗ ಅಧಿಕಾರಿಯಲ್ಲ, ತಾತ.

ಮೊಮ್ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಮಗಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾಳೆ, ಅಳಿಯ ಮೈಸೂರಿನ ಕಡೆಗೆ. ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ. ನಡುವಿನ ಮಂಡ್ಯದಲ್ಲಿ ಪುಟ್ಟಿ, ನಾನು, ನನ್ನ ಹೆಂಡತಿ. ಕಳೆದ ದೀಪಾವಳಿ ಅಮಾವಾಸ್ಯೆಯ ಸಂಜೆ, ಸುರುಸುರು ಬತ್ತಿ ಹಿಡಿಯುವ ಮೊದಲೇ ಪುಟ್ಟಿಗೆ ಜ್ವರ ಬಂದಿತು. ಕೆಮ್ಮಿಲ್ಲ, ನೆಗಡಿಯಿಲ್ಲ, ಭೇದಿಯಿಲ್ಲ. ನಾಲ್ಕು ದಿನ 103ರ ಮೇಲೆ ಉರಿದು, ಐದನೆಯ ದಿನ ಏನೂ ಆಗಿಲ್ಲವೆಂಬಂತೆ ಎದ್ದು ‘ಮುದ್ದೆ’ ಎಂದಳು. ಸರಿ, ಮಕ್ಕಳಿಗೆ ಬರುವುದೇ ಹೀಗೆ ಎಂದುಕೊಂಡೆವು. ಇಪ್ಪತ್ತೇಳು ದಿನ ಕಳೆದ ಮೇಲೆ ಅದೇ ಜ್ವರ, ಅದೇ ನಾಲ್ಕು ದಿನ.

ಮೊದಲ ಜ್ವರದ ಮರುವಾರವೇ ಅಳಿಯ ಆನ್‌ಲೈನಿನಲ್ಲಿ ಹಣೆಗೆ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ತರಿಸಿದ. ಕೊರೊನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಿಡಿಯುತ್ತಿದ್ದರಲ್ಲ, ಆ ಬಂದೂಕು. ಬೆಲೆ ಸಾವಿರದ ನಾನ್ನೂರು. ಒಂದೇ ಸೆಕೆಂಡಿನಲ್ಲಿ ಸಂಖ್ಯೆ. ಜ್ವರವಿಲ್ಲದಿದ್ದರೆ ಪರದೆ ಹಸಿರು, ಇದ್ದರೆ ಕೆಂಪು. ಮನೆಯವರೆಲ್ಲ ಮೆಚ್ಚಿದರು. ನನಗೆ ಆ ಬಣ್ಣಗಳನ್ನು ಕಂಡೇ ಅನುಮಾನ ಹುಟ್ಟಿತು. ಕೆಟ್ಟ ತಕ್ಕಡಿಗೆ ಥಳಕು ಹೆಚ್ಚೆಂಬುದು ನನ್ನ ಹಳೆಯ ಅನುಭವ.

ಪರೀಕ್ಷಿಸಿದೆ. ಆರೋಗ್ಯವಾಗಿದ್ದ ನನ್ನ ಹಣೆಗೇ ಎರಡು ನಿಮಿಷದಲ್ಲಿ ಹತ್ತು ಬಾರಿ ಹಿಡಿದೆ. ಕಡಿಮೆಯೆಂದರೆ 97.3, ಹೆಚ್ಚೆಂದರೆ 98.8. ಫ್ಯಾನಿನ ಕೆಳಗೆ ಕುಳಿತರೆ ಇಳಿಯಿತು, ಅಂಗಳದ ಬಿಸಿಲಿನಿಂದ ಒಳಗೆ ಬಂದು ನೋಡಿದರೆ ಏರಿತು, ಬೆವರು ಒರೆಸಿದ ಮೇಲೆ ಇನ್ನೊಂದು. ಇದರಲ್ಲಿ ಯಂತ್ರದ ತಪ್ಪು ಅರ್ಧ ಮಾತ್ರ. ಅದು ಅಳೆಯುವುದು ಚರ್ಮದಿಂದ ಹೊಮ್ಮುವ ಶಾಖವನ್ನು. ದೇಹದೊಳಗಿನ ಉಷ್ಣವನ್ನು ಅದರಿಂದ ಲೆಕ್ಕ ಹಾಕಿ ಹೇಳುತ್ತದೆ. ಜ್ವರ ಏರುವ ಹೊತ್ತಿನಲ್ಲಿ ಮಗು ನಡುಗುತ್ತಿರುತ್ತದೆ, ಚರ್ಮದ ರಕ್ತನಾಳಗಳು ಬಿಗಿದುಕೊಂಡಿರುತ್ತವೆ, ಕೈಕಾಲು ತಣ್ಣಗಿರುತ್ತವೆ. ಒಳಗೆ ಕುದಿಯುತ್ತಿದ್ದರೂ ಮೇಲೆ ತಂಪು. ನಿಜವಾಗಿ ಬೇಕಾದ ಹೊತ್ತಿನಲ್ಲೇ ಬಂದೂಕಿನ ಲೆಕ್ಕ ಜಾರುವುದು ಹೀಗೆ.

ಮೂರನೆಯ ಜ್ವರ ಬಂದದ್ದು ಡಿಸೆಂಬರಿನ ಚಳಿಯಲ್ಲಿ. ರಾತ್ರಿ ಎರಡು ಗಂಟೆಗೆ ಹೆಂಡತಿ ಎಬ್ಬಿಸಿದಳು. ಬಂದೂಕು 96.9 ಎಂದು ಹಸಿರು ತೋರಿಸುತ್ತಿತ್ತು. ಮಗಳು ‘ಇಳಿದಿದೆ ಬಿಡಪ್ಪ’ ಎಂದು ಮತ್ತೆ ಮಲಗಲು ಹೊರಟಳು. ಬೆಳಗಿನ ರೈಲಿಗೆ ಅವಳು ಏಳಬೇಕಲ್ಲ. ಹೆಂಡತಿ ಮಾತ್ರ ಪುಟ್ಟಿಯ ಬೆನ್ನಿನ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ‘ಇದು ಕಾದ ಹೆಂಚು. ನಿಮ್ಮ ಬಂದೂಕಿಗೆ ಕಣ್ಣಿಲ್ಲ’ ಎಂದಳು. ದೀಪ ಹಾಕಿ ಕನ್ನಡಕ ಏರಿಸಿ ನೋಡಿದೆ. ಪರದೆಯ ಮೂಲೆಯಲ್ಲಿ ಸಾಸಿವೆಯಷ್ಟು ದೊಡ್ಡ ಚಿತ್ರ. ಮನುಷ್ಯನ ತಲೆಯ ಗುರುತು ಇರಬೇಕಾದ ಜಾಗದಲ್ಲಿ ಡಬ್ಬಿಯ ಗುರುತು. ಈ ಯಂತ್ರಕ್ಕೆ ಎರಡು ರೀತಿಗಳಿವೆ: ಒಂದು ದೇಹಕ್ಕೆ, ಇನ್ನೊಂದು ಹಾಲಿನ ಬಾಟಲಿ, ಸ್ನಾನದ ನೀರು ಮುಂತಾದ ವಸ್ತುಗಳ ಮೈಗೆ. ಎರಡನೆಯದರಲ್ಲಿ ಯಾವ ಲೆಕ್ಕವನ್ನೂ ಕೂಡಿಸದೆ ಚರ್ಮದ ಬರಿಯ ಶಾಖವನ್ನು ತೋರಿಸುತ್ತದೆ. ಬದಲಿಸುವ ಗುಂಡಿ ಪಕ್ಕದಲ್ಲೇ ಇದೆ, ಒಂದು ಒತ್ತು ಸಾಕು. ಹಗಲೆಲ್ಲ ಅದನ್ನು ಹಿಡಿದು ಗೋಡೆಗೂ ಬೆಕ್ಕಿಗೂ ಜ್ವರ ನೋಡುತ್ತಿದ್ದವಳು ಪುಟ್ಟಿಯೇ. ಕಡ್ಡಿಯನ್ನು ಕಂಕುಳಿಗಿಟ್ಟರೆ 103.1.

ಒಂದೂವರೆ ವರ್ಷ ದಾಟಿದ ಮಗುವಿರುವ ಮನೆಗೆ ಮಾರುವ ಯಂತ್ರದಲ್ಲಿ, ಆ ಮಗುವಿನ ಹೆಬ್ಬೆರಳಿಗೆ ಸಿಗುವಂತೆ ಗುಂಡಿ ಇಟ್ಟವನನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದರೆ ನೋಟಿಸು ಕೊಡುವಷ್ಟು ಕೋಪ ಬಂದಿತ್ತು. ಬಂದೂಕಿಗೆ ನನ್ನ ಅಂಕ ಐದಕ್ಕೆ ಎರಡು. ಆ ಎರಡೂ ಏಕೆಂದರೆ, ಮಲಗಿದ ಮಗುವನ್ನು ಎಬ್ಬಿಸದೆ ಏರಿದೆಯೋ ಇಲ್ಲವೋ ಎಂದು ಅಂದಾಜು ಮಾಡಲು ಬರುತ್ತದೆ. ಅಂದಾಜಿಗೆ ಸರಿ, ವೈದ್ಯರಿಗೆ ಹೇಳುವ ಲೆಕ್ಕಕ್ಕಲ್ಲ.

ಇನ್ನು ಕಡ್ಡಿ. ಬೀದಿ ಕೊನೆಯ ಔಷಧಿ ಅಂಗಡಿಯಲ್ಲಿ ನೂರ ಎಂಬತ್ತು ರೂಪಾಯಿಗೆ ಕೊಂಡದ್ದು, ಸಾಧಾರಣ ಡಿಜಿಟಲ್ ಥರ್ಮಾಮೀಟರ್. ಇದನ್ನು ಪರೀಕ್ಷಿಸಲು ಬೀರುವಿನಿಂದ ನನ್ನ ತಾಯಿಯ ಕಾಲದ ಪಾದರಸದ ಗಾಜಿನ ಥರ್ಮಾಮೀಟರನ್ನು ಹೊರತೆಗೆದೆ. (ಅದನ್ನು ಪುಟ್ಟಿಗೆ ಬಳಸುವುದಿಲ್ಲ. ಒಡೆದರೆ ಪಾದರಸ ಹರಡುತ್ತದೆ, ಅದರ ಆವಿ ಒಳ್ಳೆಯದಲ್ಲ, ಪೊರಕೆಯಿಂದ ಗುಡಿಸಲೂ ಬಾರದು. ಆದರೆ ಸಾಕ್ಷಿಯಾಗಿ ಇಂದಿಗೂ ಅದೇ ಗಟ್ಟಿ.) ಸ್ಟೀಲ್ ತಂಬಿಗೆಗೆ ಟವೆಲ್ ಸುತ್ತಿ, ಉಗುರುಬೆಚ್ಚಗಿನ ನೀರು ಹಾಕಿ, ಎರಡರ ತುದಿಗಳನ್ನೂ ಅಕ್ಕಪಕ್ಕ ಅದ್ದಿ, ನೀರನ್ನು ಕಲಕುತ್ತಾ ಮೂರು ಹಂತಗಳಲ್ಲಿ ಬಿಸಿ ಏರಿಸಿದೆ. ಗಾಜು 98.2 ಎಂದಾಗ ಕಡ್ಡಿಯೂ 98.2. 101.0ಕ್ಕೆ 101.1. 103.8ಕ್ಕೆ 103.9. ಡಬ್ಬಿಯ ಮೇಲೆ 0.2 ಡಿಗ್ರಿ ಆಚೀಚೆ ಎಂದು ಬರೆದಿದ್ದಾರೆ, ಮಾತಿಗೆ ತಪ್ಪಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ‘ಕಾಫಿಗೆ ಇಟ್ಟ ನೀರಾ ಅದು?’ ಎಂದು ಕೇಳಿದಳು. ಹೌದು.

ಒಂದು ವಿಷಯವನ್ನು ಡಬ್ಬಿಯಲ್ಲಿ ಎದ್ದು ಕಾಣುವಂತೆ ಬರೆಯಬೇಕಿತ್ತು. ಕಡ್ಡಿ ಕೀಕ್ ಎಂದ ತಕ್ಷಣ ಅಳತೆ ಮುಗಿದಿಲ್ಲ. ಸಂಖ್ಯೆ ಏರುವ ವೇಗ ಕಡಿಮೆಯಾದರೆ ಅದು ಕೂಗುತ್ತದೆ, ಅಷ್ಟೇ. ಬಾಯಿಯಲ್ಲಾದರೆ ಅಷ್ಟು ಹೊತ್ತು ಸಾಕು. ಕಂಕುಳು ನಿಧಾನಕ್ಕೆ ಬಿಸಿಯಾಗುವ ಜಾಗ. ಕೂಗಿದ ಮೇಲೂ ಎರಡು ನಿಮಿಷ ಹಾಗೇ ಹಿಡಿದರೆ ನಮ್ಮ ಕಡ್ಡಿಯಲ್ಲಿ ಇನ್ನೂ ಅರ್ಧ ಡಿಗ್ರಿಯವರೆಗೆ ಏರಿದ್ದಿದೆ. ತುದಿ ಕಂಕುಳಿನ ಗುಳಿಯಲ್ಲಿ ಚರ್ಮಕ್ಕೇ ತಾಗಿರಬೇಕು, ಬನಿಯನ್ನಿನ ಬಟ್ಟೆ ನಡುವೆ ಸಿಕ್ಕಬಾರದು. ಎರಡು ವರ್ಷದ ಮಗುವಿನ ತೋಳನ್ನು ಮೂರು ನಿಮಿಷ ಮೈಗೆ ಒತ್ತಿ ಹಿಡಿಯುವುದು ಹೇಗೆಂದರೆ, ನನ್ನ ಬಳಿ ರೈಲಿನ ಕತೆ ಇದೆ. ಅಮ್ಮನ ರೈಲು ಮದ್ದೂರು ದಾಟಿ, ಚನ್ನಪಟ್ಟಣ ದಾಟಿ, ರಾಮನಗರದ ಬಂಡೆಗಳನ್ನು ದಾಟಿ ಬಿಡದಿಗೆ ಬರುವಷ್ಟರಲ್ಲಿ ಮೂರು ನಿಮಿಷ. ಮದ್ದೂರಿನಲ್ಲಿ ವಡೆ ಕೊಳ್ಳಲೇಬೇಕು, ಇಲ್ಲದಿದ್ದರೆ ತೋಳು ಎತ್ತಿಬಿಡುತ್ತಾಳೆ.

ಕಡ್ಡಿಯ ದೋಷಗಳು ಎರಡು. ಪರದೆಗೆ ಬೆಳಕಿಲ್ಲ. ನಡುರಾತ್ರಿ ಮೊಬೈಲ್ ಟಾರ್ಚ್ ಹಾಕಿದರೆ ಸಂಖ್ಯೆಯೊಂದಿಗೆ ಮಗುವೂ ಎದ್ದು ಕುಳಿತುಕೊಳ್ಳುತ್ತದೆ. ಎರಡನೆಯದು ಗಂಭೀರ. ಹಿಂಬದಿಯ ಮುಚ್ಚಳ ತಿರುಪಿಲ್ಲದೆ ಉಗುರಿನಲ್ಲೇ ಕಳಚುತ್ತದೆ. ಒಳಗೆ ಹೆಸರುಬೇಳೆಗಿಂತ ತುಸು ದೊಡ್ಡದಾದ, ಮಿನುಗುವ ಬಟನ್ ಸೆಲ್. ಇಂಥ ಸೆಲ್‌ಗಳನ್ನು ಮಕ್ಕಳು ಮೂಗಿಗೆ ತುರುಕಿಕೊಳ್ಳುವುದುಂಟು, ನುಂಗುವುದುಂಟು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಒಳಗಿನ ಪದರವನ್ನು ಸುಡುತ್ತವೆ. ನಾನು ಮುಚ್ಚಳಕ್ಕೆ ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪನ್ನು ಎರಡು ಸುತ್ತು ಬಿಗಿದಿದ್ದೇನೆ. ಇದಕ್ಕಾಗಿ ಒಂದು ಅಂಕ ಕಡಿತ. ಐದಕ್ಕೆ ನಾಲ್ಕು.

ಥರ್ಮಾಮೀಟರಿನ ವಿಮರ್ಶೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಜೊತೆಗೆ ಕೊಂಡ ಇನ್ನೊಂದು ವಸ್ತುವನ್ನೂ ಹೇಳಬೇಕು: ಇಪ್ಪತ್ತೈದು ರೂಪಾಯಿಯ ಗೆರೆ ಹಾಕಿದ ನೋಟ್‌ಬುಕ್. ಅದನ್ನು ತರಿಸಿದವರು ನಮ್ಮ ಮಕ್ಕಳ ವೈದ್ಯರು. ಎರಡನೆಯ ಜ್ವರದಲ್ಲಿ ರಕ್ತ, ಮೂತ್ರ, ಡೆಂಗಿ, ಎದೆಯ ಎಕ್ಸ್‌ರೇ ಎಲ್ಲ ಆದವು. ಸೋಂಕಿನ ಸುಳಿವಿಲ್ಲ. ಉರಿಯೂತವನ್ನು ತೋರಿಸುವ ಸಿಆರ್‌ಪಿ ಮಾತ್ರ ಜ್ವರದಲ್ಲಿ ಏರಿತ್ತು. ಎರಡು ವಾರ ಬಿಟ್ಟು ನೋಡಿದರೆ ಇಳಿದಿತ್ತು. ಅವರು ‘ನೀವು ಅಳತೆಯವರಲ್ಲವೇ, ಬರೆದಿಡಿ’ ಎಂದರು. ದಿನ, ಗಂಟೆ, ಎಲ್ಲಿ ಅಳೆದದ್ದು, ಔಷಧಿ ಎಷ್ಟು, ಊಟ ಎಷ್ಟು. ಹಾಗೆ ಬರೆದ ಪುಸ್ತಕದಲ್ಲಿ ಐದು ಜ್ವರಗಳ ನಡುವಿನ ಅಂತರ ಹೀಗಿದೆ: 27, 28, 26, 27.

ಹೆಂಡತಿಯದು ಅಮಾವಾಸ್ಯೆಯ ವಾದ. ಮೊದಲನೆಯದು ಅಮಾವಾಸ್ಯೆಯಂದೇ, ಎರಡನೆಯದು ಅದರ ಆಸುಪಾಸಿನಲ್ಲಿ. ದೃಷ್ಟಿ ತೆಗೆದಳು, ಒಣಮೆಣಸಿನಕಾಯಿ ಸುಟ್ಟಳು, ಘಾಟಿಗೆ ನಾವೆಲ್ಲ ಕೆಮ್ಮಿದೆವು. ನಾನು ವಾದಕ್ಕೆ ಹೋಗಲಿಲ್ಲ. ಒಂಟಿಕೊಪ್ಪಲ್ ಪಂಚಾಂಗವನ್ನು ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟೆ. ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ, ಜ್ವರಕ್ಕೆ ಸರಾಸರಿ ಇಪ್ಪತ್ತೇಳು. ಪ್ರತಿ ಸಲವೂ ಜ್ವರ ಎರಡೂವರೆ ದಿನ ಮುಂದೆ ಓಡುತ್ತದೆ. ಮೂರನೆಯದು ಏಕಾದಶಿಗೆ, ನಾಲ್ಕನೆಯದು ಸಂಕ್ರಾಂತಿಯ ಸುತ್ತ, ಐದನೆಯದು ಬಹುಳ ಪಂಚಮಿಗೆ, ಶಿವರಾತ್ರಿಗೆ ಇನ್ನೂ ಒಂಬತ್ತು ದಿನ ಇರುವಾಗಲೇ. ಹೆಂಡತಿ ಎರಡನ್ನೂ ನೋಡಿ ‘ಅಮಾವಾಸ್ಯೆ ಅಲ್ಲವಾದರೆ ಯಾವುದು, ಅದನ್ನು ಹೇಳಿ’ ಎಂದಳು. ಪಂಚಾಂಗ ಮುಚ್ಚಿಟ್ಟೆ.

ವೈದ್ಯರ ಬಳಿಯೂ ಪೂರ್ತಿ ಉತ್ತರವಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಗಡಿಯಾರದಂತೆ ತಿರುಗಿ ಬರುವ ಒಂದು ಜ್ವರವಿದೆಯಂತೆ. 1987ರಲ್ಲಿ ಅಮೆರಿಕದ ವೈದ್ಯರು ಮೊದಲು ವರ್ಣಿಸಿದ್ದು, ಪಿಎಫ್‌ಎಪಿಎ ಎಂದು ಕರೆಯುತ್ತಾರೆ. ಬಾಯಿಹುಣ್ಣು, ಗಂಟಲು ಉರಿಯೂತ, ಕುತ್ತಿಗೆಯ ಗಂಟು ಅದರ ಲಕ್ಷಣಗಳು. ಏಕೆ ಬರುತ್ತದೆಂದು ಅದಕ್ಕೂ ಖಚಿತ ಕಾರಣ ಗೊತ್ತಿಲ್ಲ. ಅದನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆಯೂ ಇಲ್ಲ. ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ತಾನೇ ಬಿಟ್ಟುಹೋಗುತ್ತದೆ. ಪುಟ್ಟಿಗೆ ಒಮ್ಮೆ ಗಂಟಲು ಕೆಂಪಾಗಿತ್ತು, ಉಳಿದದ್ದೇನೂ ಕಾಣಲಿಲ್ಲ. ಆದ್ದರಿಂದ ಆ ಹೆಸರಿನ ಮುದ್ರೆ ಒತ್ತಲು ಅವರು ಒಪ್ಪಲಿಲ್ಲ. ಮೈಸೂರಿನ ಇನ್ನೊಬ್ಬ ತಜ್ಞರೂ ನೋಟ್‌ಬುಕ್ ತಿರುವಿ ಹಾಕಿ, ಮಗು ಬೆಳೆಯುತ್ತಿದೆ, ತೂಕ ಏರುತ್ತಿದೆ, ಕಾದು ನೋಡೋಣ ಎಂದರು. ಮುದ್ರೆ ಒತ್ತದ ಅಧಿಕಾರಿಯ ಮೇಲೆ ಜನರಿಗೆ ಬರುವ ಸಿಟ್ಟು ಎಂಥದ್ದೆಂದು ಆ ದಿನ ಹಿಂದಿರುಗುವ ಬಸ್ಸಿನಲ್ಲಿ ನನಗೆ ತಿಳಿಯಿತು. ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಪುಟ್ಟಿ ನದಿ ತೋರಿಸಿದರೂ ತಿರುಗಲಿಲ್ಲ.

ನೋಟ್‌ಬುಕ್ಕಿನಿಂದ ಆದ ನೇರ ಲಾಭ ಒಂದಿದೆ. ನಾಲ್ಕನೆಯ ಜ್ವರದಲ್ಲಿ ಔಷಧಿ ಕೊಟ್ಟರೂ ಮೊದಲಿನಂತೆ ಇಳಿಯುತ್ತಿಲ್ಲವೆಂದು ಪುಟ ತಿರುವಿದಾಗ ಸಿಕ್ಕಿತು. ಪ್ಯಾರಸಿಟಮಾಲ್ ಸಿರಪ್ ಐದು ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವುದೂ ಉಂಟು, 125 ಇರುವುದೂ ಉಂಟು. ಅಂಗಡಿಯವರು ಈ ಬಾರಿ ಹೇಳದೆ ಕೇಳದೆ 125ರದ್ದು ಕೊಟ್ಟಿದ್ದರು. ಡಬ್ಬಿಯ ಬಣ್ಣ ಬಹುತೇಕ ಒಂದೇ. ಪುಟ್ಟಿ 11.4 ಕಿಲೋ, ನಮ್ಮ ವೈದ್ಯರು ಬರೆದ ಲೆಕ್ಕ ಕಿಲೋಗೆ 15 ಮಿಲಿಗ್ರಾಂ. ಹಳೆಯ ಸಿರಪ್ಪಿನಲ್ಲಿ 3.4 ಮಿಲಿಲೀಟರ್ ಆದದ್ದು ಹೊಸದರಲ್ಲಿ 6.8 ಆಗಬೇಕು. ಹಳೆಯ ಅಳತೆಯನ್ನೇ ಕೊಡುತ್ತಿದ್ದ ನಾವು ಅರ್ಧವನ್ನಷ್ಟೇ ಕೊಟ್ಟಿದ್ದೆವು. ಉಲ್ಟಾ ಆಗಿದ್ದರೆ ದುಪ್ಪಟ್ಟು ಹೋಗುತ್ತಿತ್ತು. ಚಮಚದಲ್ಲಿ ಕೊಡುವವರು ದಯವಿಟ್ಟು ಸೂಜಿಯಿಲ್ಲದ ಸಿರಿಂಜಿಗೆ ಬದಲಾಯಿಸಿ. ನಮ್ಮ ಅಡುಗೆಮನೆಯ ಐದು ಚಮಚಗಳನ್ನು ಅಳೆದಿದ್ದೇನೆ, ಯಾವ ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ಇಂದು ಐದನೆಯ ಜ್ವರದಿಂದ ಇಪ್ಪತ್ತೈದನೆಯ ದಿನ. ಪುಟ್ಟಿ ಬೆಳಗಿನಿಂದ ಬಂದೂಕು ಹಿಡಿದು ಮುದ್ದೆಗೆ ಜ್ವರ ನೋಡುತ್ತಿದ್ದಾಳೆ, ಪರದೆ ಕೆಂಪಾದಾಗಲೆಲ್ಲ ‘ಬಿಸಿ, ಬಿಸಿ’ ಎಂದು ಕೂಗುತ್ತಿದ್ದಾಳೆ. ಸಂಜೆ ಅಂಗಡಿಗೆ ಹೋಗಿ ಕಡ್ಡಿಗೆ ಹೊಸ ಸೆಲ್ ತಂದೆ, ಇಪ್ಪತ್ತು ರೂಪಾಯಿ. ಹಾಕಿ, ಕಪ್ಪು ಟೇಪ್ ಮತ್ತೆ ಸುತ್ತಿ, ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಗೆರೆಗಳನ್ನು ಎಳೆದಿಟ್ಟಿದ್ದೇನೆ. ದಿನಾಂಕ ಬರೆದಿಲ್ಲ.