ರೀಚ್ ಬಿದ್ದ ವಾರವೇ ಬಂತು ‘ಕಾಪಿರೈಟ್ ನೋಟಿಸ್’: ಒಂದು ಖಾತೆ ಕೈತಪ್ಪಿದ ಬಗೆ

ಇಳಕಲ್ ಸೀರೆ ಮಾರುವ ಒಂದು ಇನ್‌ಸ್ಟಾಗ್ರಾಮ್ ಖಾತೆ ಹನ್ನೊಂದೇ ನಿಮಿಷದಲ್ಲಿ ಕೈಬಿಟ್ಟು ಹೋಯಿತು. ನಾಲ್ಕು ವರ್ಷ ಕಷ್ಟಪಟ್ಟು ಬೆಳೆಸಿದ ಖಾತೆ. ಮಾರಾಟವೆಲ್ಲ ಹೆಚ್ಚುಕಡಿಮೆ ಅದರ ಮೇಲೆಯೇ ನಿಂತಿತ್ತು. ಒಡತಿಯ ಒಪ್ಪಿಗೆ ಪಡೆದು, ಅವರ ಗುರುತು ಬಿಟ್ಟುಕೊಡದೆ, ನಡೆದದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಇದೇ ಬಲೆ ಈಗ ಉಪ್ಪಿನಕಾಯಿ ಮಾರುವವರಿಗೂ, ಯಕ್ಷಗಾನದ ವಿಡಿಯೊ ಹಾಕುವವರಿಗೂ, ಟ್ಯೂಷನ್ ನಡೆಸುವವರಿಗೂ ಬೀಳುತ್ತಿದೆ.

ಮೊದಲು ಆದದ್ದು ಇಷ್ಟು. ಎರಡು ವಾರದಿಂದ ರೀಲ್ಸ್ ಯಾರಿಗೂ ತಲುಪುತ್ತಿರಲಿಲ್ಲ. ಸಾವಿರಗಟ್ಟಲೆ ಜನ ನೋಡುತ್ತಿದ್ದ ಕಡೆ ನೂರರ ಆಸುಪಾಸು. ಏನೋ ತೊಂದರೆಯಾಗಿದೆ ಎಂಬ ಆತಂಕ ಅವರಿಗೆ ಆಗಲೇ ಇತ್ತು. ಆ ಹೊತ್ತಿಗೆ ಮೆಸೇಜ್ ರಿಕ್ವೆಸ್ಟ್‌ನಲ್ಲಿ ಒಂದು ಸಂದೇಶ ಬಂತು. ಕಳಿಸಿದ ಖಾತೆಯ ಹೆಸರಿನಲ್ಲಿ ‘ಕಾಪಿರೈಟ್’, ‘ಹೆಲ್ಪ್’ ಎಂಬ ಪದಗಳು, ಚಿತ್ರದ ಜಾಗದಲ್ಲಿ ಇನ್‌ಸ್ಟಾಗ್ರಾಮ್ ಲೋಗೊ. ನಿಮ್ಮ ಪೋಸ್ಟ್ ಕೃತಿಸ್ವಾಮ್ಯ ಉಲ್ಲಂಘಿಸಿದೆ, 24 ಗಂಟೆಯೊಳಗೆ ಮನವಿ ಸಲ್ಲಿಸದಿದ್ದರೆ ಖಾತೆ ಅಳಿಸಲಾಗುವುದು ಎಂದು ಬರೆದು ಕೆಳಗೆ ಲಿಂಕ್ ಕೊಟ್ಟಿದ್ದರು.

ಲಿಂಕ್ ಒತ್ತಿದಾಗ ತೆರೆದುಕೊಂಡ ಪುಟ ನೋಡಲು ಅಸಲಿಯಂತೆಯೇ ಇತ್ತು. ಯೂಸರ್‌ನೇಮ್ ಕೇಳಿತು, ಪಾಸ್‌ವರ್ಡ್ ಕೇಳಿತು. ಸರಿಯಾಗಿ ಹಾಕಿದರೂ ‘ಪಾಸ್‌ವರ್ಡ್ ತಪ್ಪಾಗಿದೆ, ಮತ್ತೊಮ್ಮೆ ಹಾಕಿ’ ಎಂದಿತು. ಇದು ಬೇಕೆಂದೇ ಮಾಡುವುದು. ಎರಡು ಸಲ ಹಾಕಿಸಿದರೆ ಬೆರಳು ತಪ್ಪಿ ಟೈಪ್ ಆದದ್ದು ಗೊತ್ತಾಗುತ್ತದೆ, ಕಳ್ಳರ ಕೈಗೆ ಖಚಿತವಾದ ಪಾಸ್‌ವರ್ಡ್ ಸಿಗುತ್ತದೆ. ಆಮೇಲೆ ‘ಗುರುತು ದೃಢಪಡಿಸಲು’ ಫೋನಿಗೆ ಬಂದ 6 ಅಂಕಿಯ ಕೋಡ್ ಕೇಳಿತು. ಆ ಕೋಡ್ ನಿಜವಾಗಿ ಇನ್‌ಸ್ಟಾಗ್ರಾಮ್‌ನಿಂದಲೇ ಬಂದಿತ್ತು. ಯಾಕೆಂದರೆ ಅದೇ ಕ್ಷಣದಲ್ಲಿ ಇನ್ನೊಂದು ಕಡೆ ಕೂತವರು ಆ ಪಾಸ್‌ವರ್ಡ್ ಹಾಕಿ ಒಳಗೆ ಹೋಗುತ್ತಿದ್ದರು. ಟೂ-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆಗೆ ಕೋಡನ್ನೂ ಕೇಳುವ ಎರಡನೆಯ ಬೀಗ) ಹಾಕಿಕೊಂಡಿದ್ದೇನೆ, ನನಗೇನೂ ಆಗದು ಎಂದು ನಂಬಿರುವವರು ಇದನ್ನು ಗಮನಿಸಬೇಕು. ಕೋಡನ್ನು ನಾವೇ ಟೈಪ್ ಮಾಡಿ ಕೊಟ್ಟರೆ ಆ ಬೀಗ ಇದ್ದೂ ಇಲ್ಲದಂತೆ. ಕೆಲವು ನಕಲಿ ಪುಟಗಳು ಫೋನ್ ಕೈಯಲ್ಲಿಲ್ಲದಾಗ ಬಳಸಲೆಂದು ಇನ್‌ಸ್ಟಾಗ್ರಾಮ್ ಕೊಡುವ 8 ಅಂಕಿಯ ಬ್ಯಾಕಪ್ ಕೋಡನ್ನೂ ಕೇಳುತ್ತವೆ. ಅದು ಸಿಕ್ಕರೆ ಕಳ್ಳರಿಗೆ ನಿಮ್ಮ ಫೋನಿನ ಹಂಗೇ ಬೇಡ.

ಒಳಹೊಕ್ಕವರು ಇಮೇಲ್ ಬದಲಿಸಿದರು, ಫೋನ್ ನಂಬರ್ ಬದಲಿಸಿದರು, ತಮ್ಮದೇ ಟೂ-ಫ್ಯಾಕ್ಟರ್ ಹಾಕಿಕೊಂಡರು. ಸಂಜೆಯೊಳಗೆ ಸ್ಟೋರಿಯಲ್ಲಿ ‘ಸ್ಟಾಕ್ ಕ್ಲಿಯರೆನ್ಸ್’ ಎಂದು ಬೇರೆ ಯಾರದ್ದೋ ಯುಪಿಐ ಕ್ಯೂಆರ್ ಹಾಕಿದರು. ಹಳೆಯ ಗಿರಾಕಿಗಳಿಬ್ಬರು ಮುಂಗಡ ಕಳಿಸಿಯೂಬಿಟ್ಟರು.

ಇಲ್ಲಿ ಎರಡು ವಿಷಯ ಬಿಡಿಸಿ ನೋಡಬೇಕು. ಮೊದಲನೆಯದು, ರೀಚ್, ಅಂದರೆ ಪೋಸ್ಟ್ ತಲುಪುವ ಜನರ ಸಂಖ್ಯೆ, ಬೀಳಲು ನಿಜವಾದ ಕಾರಣವೊಂದಿತ್ತು, ಅದು ಆ್ಯಪ್ ಒಳಗೇ ಬರೆದಿಟ್ಟಿತ್ತು. ಅಕೌಂಟ್ ಸ್ಟೇಟಸ್ ಪುಟದಲ್ಲಿ ಎರಡು ಸೂಚನೆ ಓದದೆ ಬಿದ್ದಿದ್ದವು. ಸಿನಿಮಾ ಹಾಡು ಸೇರಿಸಿ ಹೊರಗೆ ಎಡಿಟ್ ಮಾಡಿ ಹಾಕಿದ್ದ ಒಂದು ರೀಲ್ ತೆಗೆದುಹಾಕಲಾಗಿತ್ತು. ಬೇರೆಯವರ ವಿಡಿಯೊಗಳನ್ನು ಮೇಲಿಂದ ಮೇಲೆ ಹಾಕಿದ್ದಕ್ಕೆ ಖಾತೆಯನ್ನು ಹೊಸಬರಿಗೆ ತೋರಿಸುವುದನ್ನು ನಿಲ್ಲಿಸಲಾಗಿತ್ತು. ಆ ಪುಟ ಒಮ್ಮೆ ನೋಡಿದ್ದರೆ ಆತಂಕಕ್ಕೆ ಉತ್ತರ ಅಲ್ಲೇ ಸಿಗುತ್ತಿತ್ತು. ನಕಲಿ ಸಂದೇಶ ನಂಬಲು ಕಾರಣವೇ ಇರುತ್ತಿರಲಿಲ್ಲ. ಎರಡನೆಯದು, ‘ನಿಮ್ಮ ಇಮೇಲ್ ವಿಳಾಸ ಬದಲಾಗಿದೆ’ ಎಂದು ಇನ್‌ಸ್ಟಾಗ್ರಾಮ್ ಹಳೆಯ ಇಮೇಲಿಗೆ ಅಸಲಿ ಪತ್ರ ಕಳಿಸಿತ್ತು. ಬದಲಾವಣೆಯನ್ನು ಹಿಂತೆಗೆದುಕೊಳ್ಳುವ ಲಿಂಕ್ ಅದರಲ್ಲೇ ಇತ್ತು. ಅದನ್ನು ಮೋಸದ ಪತ್ರ ಎಂದುಕೊಂಡು ಅವರು ಅಳಿಸಿಬಿಟ್ಟರು. ಸುಳ್ಳನ್ನು ನಂಬಿ, ನಿಜವನ್ನು ಕಸಕ್ಕೆ ಹಾಕಿದ ಹಾಗಾಯಿತು. ಇದು ಅವರ ತಪ್ಪು ಎಂದು ನಾವು ಹೇಳುವುದಿಲ್ಲ. ಯಾವುದನ್ನು ಎಲ್ಲಿ ನೋಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅದನ್ನೇ ಈಗ ಹೇಳುತ್ತೇವೆ. ಫೋನ್ ಕೈಯಲ್ಲಿ ಹಿಡಿದುಕೊಂಡೇ ಓದಿ.

ಇನ್‌ಸ್ಟಾಗ್ರಾಮ್‌ನಲ್ಲಿ ನಿಮ್ಮ ಪ್ರೊಫೈಲ್‌ಗೆ ಹೋಗಿ, ಬಲಮೇಲ್ತುದಿಯ ಮೂರು ಗೆರೆ ಒತ್ತಿ, ಕೆಳಗೆ ಸರಿಸುತ್ತ ಹೋದರೆ ‘ಅಕೌಂಟ್ ಸ್ಟೇಟಸ್’ ಸಿಗುತ್ತದೆ. ಆ್ಯಪ್ ಹೊಸದಾದಂತೆ ಜಾಗ ಅತ್ತಿತ್ತ ಆಗುತ್ತಿರುತ್ತದೆ. ಸಿಗದಿದ್ದರೆ ಅದೇ ಪುಟದ ಮೇಲಿರುವ ಹುಡುಕುವ ಪೆಟ್ಟಿಗೆಯಲ್ಲಿ ‘ಸ್ಟೇಟಸ್’ ಎಂದು ಇಂಗ್ಲಿಷಿನಲ್ಲಿ ಹಾಕಿ. ಒಳಗೆ ಹಲವು ಸಾಲುಗಳಿರುತ್ತವೆ: ತೆಗೆದುಹಾಕಿದ ಪೋಸ್ಟ್‌ಗಳು, ಶಿಫಾರಸು ಮಾಡಲಾಗದವು, ನೀವು ಬಳಸಲಾಗದ ಸೌಲಭ್ಯಗಳು, ಹಣಗಳಿಕೆಯ ಸ್ಥಿತಿ. ಹಸಿರು ಗುರುತಿದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಆ ಸಾಲನ್ನು ಒತ್ತಿ. ಯಾವ ಪೋಸ್ಟ್, ಯಾವ ನಿಯಮ ಎಂಬುದು ಕಾಣುತ್ತದೆ, ಮರುಪರಿಶೀಲನೆ ಕೇಳುವ ಗುಂಡಿಯೂ ಅಲ್ಲೇ ಇರುತ್ತದೆ. ತೆಗೆದುಹಾಕಿದ್ದನ್ನು ತೋರಿಸುವ ಈ ಪುಟ 2021ರಲ್ಲಿ ಬಂತು. ಶಿಫಾರಸಿನ ವಿವರ 2022ರ ಡಿಸೆಂಬರ್‌ನಲ್ಲಿ ಸೇರಿತು. ಇಷ್ಟು ವರ್ಷವಾದರೂ ಖಾತೆ ನಡೆಸುವ ಎಷ್ಟೋ ಮಂದಿ ಇದನ್ನು ಒಮ್ಮೆಯೂ ತೆರೆದಿಲ್ಲ ಎಂಬುದು ನಮಗೆ ನೋವಿನ ಸಂಗತಿ.

ಆ ಪುಟ ಓದುವಾಗ ಒಂದು ವ್ಯತ್ಯಾಸ ತಿಳಿದಿರಬೇಕು. ‘ತೆಗೆದುಹಾಕಲಾಗಿದೆ’ ಎಂದರೆ ನಿಯಮ ಮುರಿದಿದ್ದೀರಿ ಎಂದು ಅವರು ತೀರ್ಮಾನಿಸಿದ್ದಾರೆ. ಅಂಥವು ಹೆಚ್ಚಾದರೆ ಖಾತೆಗೇ ಕುತ್ತು. ‘ಶಿಫಾರಸು ಮಾಡಲಾಗದು’ ಎಂದರೆ ಪೋಸ್ಟ್ ಇದ್ದೇ ಇರುತ್ತದೆ, ಫಾಲೋವರ್ಸ್‌ಗೂ ಕಾಣಬಹುದು. ಆದರೆ ಎಕ್ಸ್‌ಪ್ಲೋರ್, ರೀಲ್ಸ್ ಮುಂತಾದ ಕಡೆ ಹೊಸಬರ ಮುಂದೆ ಬರುವುದಿಲ್ಲ. ರೀಚ್ ಬಿದ್ದ ಬಹಳಷ್ಟು ಖಾತೆಗಳ ಕತೆ ಈ ಎರಡನೆಯ ಸಾಲಿನಲ್ಲೇ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಮ್ ಪ್ರಕಟಿಸಿದ ನಿಯಮದಂತೆ, 30 ದಿನದಲ್ಲಿ 10 ಅಥವಾ ಹೆಚ್ಚು ಸಲ ಬೇರೆಯವರ ವಿಡಿಯೊವನ್ನು ಹೆಚ್ಚೇನೂ ಬದಲಿಸದೆ ಹಾಕುವ ಖಾತೆಯನ್ನು ಶಿಫಾರಸಿನಿಂದ ಹೊರಗಿಡುತ್ತಾರೆ. ಬೇರೆ ಆ್ಯಪ್‌ನ ವಾಟರ್‌ಮಾರ್ಕ್ ಇರುವ ರೀಲ್‌ಗೂ ಹಿನ್ನಡೆಯೇ. ಬಿಸಿನೆಸ್ ಖಾತೆಯವರಂತೂ ಹಾಡಿನ ವಿಷಯದಲ್ಲಿ ಬಲು ಜಾಗ್ರತೆಯಿಂದಿರಿ. ವೈಯಕ್ತಿಕ ಖಾತೆಗೆ ಸಿಗುವ ಸಿನಿಮಾ ಹಾಡುಗಳು ವ್ಯಾಪಾರದ ಬಳಕೆಗೆ ಪರವಾನಗಿ ಪಡೆದವಲ್ಲ. ಇನ್‌ಸ್ಟಾಗ್ರಾಮ್‌ನ ಒಡೆತನದ ಕಂಪನಿ ಮೆಟಾ ಕೊಡುವ ಉಚಿತ ಸೌಂಡ್ ಕಲೆಕ್ಷನ್‌ನಿಂದ ಆರಿಸಿ, ಇಲ್ಲವೇ ನಿಮ್ಮ ದನಿಯಲ್ಲೇ ಮಾತಾಡಿ. ಸೀರೆಯ ಸೆರಗಿನ ಕಸೂತಿ ತೋರಿಸುತ್ತ ನೇಯ್ದವರ ಬಗ್ಗೆ ನಾಲ್ಕು ಮಾತು ಹೇಳಿದರೆ ಅದೇ ಸಾಕು.

ಫೇಸ್‌ಬುಕ್ ಪೇಜ್ ಇದ್ದವರು ಪ್ರೊಫೆಷನಲ್ ಡ್ಯಾಶ್‌ಬೋರ್ಡ್‌ನಲ್ಲಿ ‘ಪೇಜ್ ಸ್ಟೇಟಸ್’ ನೋಡಬೇಕು. ವೈಯಕ್ತಿಕ ಖಾತೆಗೆ ಹೆಲ್ಪ್ ಅಂಡ್ ಸಪೋರ್ಟ್‌ನ ಕೆಳಗೆ ಸಪೋರ್ಟ್ ಇನ್‌ಬಾಕ್ಸ್ ಇದೆ. ಅಸಲಿ ಎಚ್ಚರಿಕೆಗಳು ಅಲ್ಲಿ ದಾಖಲಾಗಿರುತ್ತವೆ, ಮೆಸೆಂಜರ್‌ನಲ್ಲಿ ಅಲ್ಲ. 2023ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಪ್ರಕಟಿಸಿದ ಪದ್ಧತಿಯಲ್ಲಿ ಮೊದಲ ತಪ್ಪಿಗೆ ಎಚ್ಚರಿಕೆ, ಆರನೆಯದರವರೆಗೆ ಗ್ರೂಪಿನಲ್ಲಿ ಬರೆಯುವಂಥ ಕೆಲವು ಸೌಲಭ್ಯಕ್ಕಷ್ಟೇ ತಡೆ. ಏಳನೆಯದಕ್ಕೆ 1 ದಿನ, ಎಂಟನೆಯದಕ್ಕೆ 3, ಒಂಬತ್ತನೆಯದಕ್ಕೆ 7, ಹತ್ತರಿಂದ ಮುಂದೆ 30 ದಿನ ಏನೂ ಹಾಕುವಂತಿಲ್ಲ. ಗಂಭೀರ ಅಪರಾಧವಾದರೆ ಈ ಮೆಟ್ಟಿಲುಗಳ ಲೆಕ್ಕವಿಲ್ಲ. ಆದರೆ ಸಾಧಾರಣ ತಪ್ಪಿಗೆ, ಹಿಂದೆ ಮುಂದೆ ಏನೂ ಇಲ್ಲದೆ ‘24 ಗಂಟೆಯಲ್ಲಿ ಅಳಿಸುತ್ತೇವೆ’ ಎಂದು ಡಿಎಂ (ನೇರ ಸಂದೇಶ) ಬಂದರೆ ಅದು ಮೋಸವೇ.

ಯೂಟ್ಯೂಬ್‌ನವರು ಸ್ಟುಡಿಯೊ ಡ್ಯಾಶ್‌ಬೋರ್ಡ್ ತೆರೆದರೆ, ಉಲ್ಲಂಘನೆ ಇದ್ದಲ್ಲಿ ಅದರ ಕಾರ್ಡ್ ಅಲ್ಲೇ ಕಾಣುತ್ತದೆ. ಸಮುದಾಯ ನಿಯಮ ಮೊದಲ ಸಲ ಮುರಿದರೆ ಸಾಮಾನ್ಯವಾಗಿ ಎಚ್ಚರಿಕೆ ಮಾತ್ರ. ಅವರು ಕೊಡುವ ಚಿಕ್ಕ ತರಬೇತಿ ಮುಗಿಸಿ, 90 ದಿನ ಅದೇ ನಿಯಮ ಮತ್ತೆ ಮುರಿಯದಿದ್ದರೆ ಎಚ್ಚರಿಕೆ ಅಳಿಯುತ್ತದೆ. ಆಮೇಲೂ ಮುರಿದರೆ ‘ಸ್ಟ್ರೈಕ್’, ಅಂದರೆ ದಂಡನೆಯ ಗುರುತು, ಬೀಳುತ್ತದೆ. ಮೊದಲ ಸ್ಟ್ರೈಕ್‌ಗೆ 1 ವಾರ ಅಪ್‌ಲೋಡ್ ಇಲ್ಲ, ಎರಡನೆಯದಕ್ಕೆ 2 ವಾರ. 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗುತ್ತದೆ. ಗಾಬರಿಯಲ್ಲಿ ಹಲವರು ವಿಡಿಯೊ ಅಳಿಸುತ್ತಾರೆ. ಅಳಿಸಿದರೆ ಸ್ಟ್ರೈಕ್ ಹೋಗುವುದಿಲ್ಲ. ಕಂಟೆಂಟ್ ಐಡಿ ಕ್ಲೇಮ್ (ಬೇರೆಯವರ ಹಾಡು, ದೃಶ್ಯವನ್ನು ಯೂಟ್ಯೂಬ್ ತಾನೇ ಗುರುತಿಸುವುದು) ಬೇರೆ, ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರು ದೂರು ಕೊಟ್ಟು ವಿಡಿಯೊ ತೆಗೆಸುವುದು) ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಹಾಡಿನ ಹಕ್ಕುದಾರರಿಗೆ ಹೋಗುತ್ತದೆ, ಚಾನೆಲ್‌ಗೆ ಏಟು ಬೀಳುವುದಿಲ್ಲ.

ವಾಟ್ಸಾಪ್ ಬಗ್ಗೆ ಚಿಕ್ಕದಾಗಿ: ಖಾತೆ ನಿಷೇಧವಾದರೆ ಅದು ಆ್ಯಪ್ ತೆರೆದೊಡನೆ ಪರದೆಯ ಮೇಲೇ ಕಾಣುತ್ತದೆ, ಮರುಪರಿಶೀಲನೆ ಕೋರಿಕೆಯೂ ಅಲ್ಲಿಂದಲೇ. ಯಾರಿಗೂ 6 ಅಂಕಿಯ ಕೋಡ್ ಕೊಡಬೇಕಾಗಿಲ್ಲ. ಜಿಬಿ ವಾಟ್ಸಾಪ್‌ನಂಥ ಅನಧಿಕೃತ ಆ್ಯಪ್ ಬಳಸುತ್ತಿದ್ದರೆ ಇವತ್ತೇ ತೆಗೆಯಿರಿ, ನಿಷೇಧಕ್ಕೆ ಅದೇ ಕಾರಣವಾಗಬಹುದು.

ಇನ್ನು ಪತ್ರ ಅಸಲಿಯೋ ನಕಲಿಯೋ ಎಂಬ ಪ್ರಶ್ನೆ. ಇನ್‌ಸ್ಟಾಗ್ರಾಮ್ ಕಳಿಸಿದ ಭದ್ರತಾ ಪತ್ರಗಳ ಪಟ್ಟಿ ಆ್ಯಪ್ ಒಳಗೇ ಇದೆ. ಅಕೌಂಟ್ಸ್ ಸೆಂಟರ್, ಅಲ್ಲಿ ಪಾಸ್‌ವರ್ಡ್ ಅಂಡ್ ಸೆಕ್ಯುರಿಟಿ, ಅದರೊಳಗೆ ‘ರೀಸೆಂಟ್ ಇಮೇಲ್ಸ್’. ಹಿಂದಿನ 14 ದಿನದ್ದು ಸಿಗುತ್ತದೆ. ನಿಮಗೆ ಬಂದ ಪತ್ರ ಆ ಪಟ್ಟಿಯಲ್ಲಿದ್ದರೆ ಅಸಲಿ. ಕಳಿಸಿದವರ ವಿಳಾಸ ನೋಡಿ ಗುರುತಿಸುತ್ತೇನೆ ಎಂಬ ಹಳೆಯ ಉಪಾಯವನ್ನು ಮಾತ್ರ ನಂಬಬೇಡಿ. ಫೇಸ್‌ಬುಕ್‌ನ ಬಿಸಿನೆಸ್ ಸೌಲಭ್ಯದಲ್ಲಿ ಯಾರು ಬೇಕಾದರೂ ಪುಟ ತೆರೆದು, ಅದಕ್ಕೆ ಕಂಪನಿಯ ಸಹಾಯವಾಣಿ ಎಂಬಂತೆ ಕಾಣುವ ಹೆಸರಿಟ್ಟು, ನಿಮಗೆ ‘ಆಹ್ವಾನ’ ಕಳಿಸಬಹುದು. ಆ ಪತ್ರ ಫೇಸ್‌ಬುಕ್‌ನ ಸ್ವಂತ ವಿಳಾಸದಿಂದಲೇ ಬರುತ್ತದೆ. ಲಿಂಕ್ ವಿಷಯಕ್ಕೆ ಬಂದರೆ, ಮೊದಲ ಒಂಟಿ ಓರೆಗೆರೆಗೆ (/) ಒತ್ತಿಕೊಂಡಿರುವ ಎಡಭಾಗವೇ ನಿಜವಾದ ವಿಳಾಸ. ‘ಇನ್‌ಸ್ಟಾಗ್ರಾಮ್ ಡಾಟ್ ಕಾಮ್’ ಆದಮೇಲೆ ಮತ್ತೊಂದು ಚುಕ್ಕೆ ಬಂದು ಬೇರೆ ಹೆಸರು ಮುಂದುವರಿದಿದ್ದರೆ ಅದು ಇನ್‌ಸ್ಟಾಗ್ರಾಮ್ ಅಲ್ಲ. ಸೀರೆ ಖಾತೆಯ ವಿಷಯದಲ್ಲಿ ಇಂಗ್ಲಿಷಿನ ದೊಡ್ಡ ‘ಐ’ ಜಾಗದಲ್ಲಿ ಸಣ್ಣ ‘ಎಲ್’ ಕೂರಿಸಿದ್ದರು. ಫೋನಿನ ಪರದೆಯಲ್ಲಿ ಎರಡೂ ಒಂದೇ ಗೆರೆ, ಎಷ್ಟು ಹತ್ತಿರ ಹಿಡಿದರೂ ಬೇರೆಬೇರೆ ಎಂದು ಕಾಣುವುದಿಲ್ಲ. ಅದಕ್ಕೇ ನಾವು ಹೇಳುವುದು ಇದೊಂದೇ: ಲಿಂಕ್ ಪರೀಕ್ಷಿಸುತ್ತ ಕೂರಬೇಡಿ, ಸಂದೇಶ ಮುಚ್ಚಿ, ಆ್ಯಪ್ ನೀವೇ ತೆರೆದು ಅಕೌಂಟ್ ಸ್ಟೇಟಸ್ ನೋಡಿ. ಅಲ್ಲಿ ಇಲ್ಲದ ಉಲ್ಲಂಘನೆಗೆ ಉತ್ತರಿಸಬೇಕಾಗಿಲ್ಲ.

ಖಾತೆ ಈಗಾಗಲೇ ಕೈತಪ್ಪಿದ್ದರೆ ಮೊದಲು ಹಳೆಯ ಇಮೇಲ್ ತೆರೆಯಿರಿ, ಸ್ಪ್ಯಾಮ್ ಮತ್ತು ಕಸದಬುಟ್ಟಿ ಎರಡನ್ನೂ ಜಾಲಾಡಿ. ಇಮೇಲ್ ಬದಲಾದ ಪತ್ರ ಸಿಕ್ಕರೆ ಅದೇ ಎಲ್ಲಕ್ಕಿಂತ ಹತ್ತಿರದ ದಾರಿ. ಸಿಗದಿದ್ದರೆ ಬ್ರೌಸರ್‌ನಲ್ಲಿ ಇನ್‌ಸ್ಟಾಗ್ರಾಮ್ ಡಾಟ್ ಕಾಮ್, ಓರೆಗೆರೆ, ‘ಹ್ಯಾಕ್ಡ್’ ಎಂದು ಇಂಗ್ಲಿಷಿನಲ್ಲಿ ನೀವೇ ಟೈಪ್ ಮಾಡಿ ಹೋಗಿ. ಖಾತೆಯಲ್ಲಿ ನಿಮ್ಮ ಮುಖದ ಚಿತ್ರಗಳಿದ್ದರೆ ವಿಡಿಯೊ ಸೆಲ್ಫಿ ಕೇಳುತ್ತಾರೆ. ಸೀರೆ ಖಾತೆ ಸಿಕ್ಕಿಬಿದ್ದದ್ದು ಇಲ್ಲಿಯೇ. ನಾಲ್ಕು ವರ್ಷದಲ್ಲಿ ಹಾಕಿದ್ದೆಲ್ಲ ಬರೀ ಸೀರೆ, ಒಂದಾದರೂ ಮುಖವಿಲ್ಲ. ಅಂಥ ಖಾತೆಗೆ ಮೊದಲು ನೋಂದಾಯಿಸಿದ ಇಮೇಲ್ ಅಥವಾ ಫೋನ್ ನಂಬರ್, ಯಾವ ಬಗೆಯ ಸಾಧನದಿಂದ ನೋಂದಾಯಿಸಿದ್ದು ಎಂಬುದನ್ನು ಕೇಳುತ್ತಾರೆ. ಅವರಿಗೆ ಯಾವುದೂ ನೆನಪಿರಲಿಲ್ಲ. ಈ ಮೂರನ್ನು ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ. ಜೊತೆಗೆ ನಿಮ್ಮ ಒಂದೆರಡು ಸ್ಪಷ್ಟ ಚಿತ್ರಗಳನ್ನು ಖಾತೆಯಲ್ಲಿ ಹಾಕಿಡಿ.

ಖಾತೆಯನ್ನು ಇನ್‌ಸ್ಟಾಗ್ರಾಮ್ ಅಥವಾ ಫೇಸ್‌ಬುಕ್ ತಾನಾಗಿಯೇ ನಿಷ್ಕ್ರಿಯಗೊಳಿಸಿದ್ದರೆ ಮನವಿಗೆ ಸಾಮಾನ್ಯವಾಗಿ 180 ದಿನ ಇರುತ್ತದೆ. ಲಾಗಿನ್ ಮಾಡುವಾಗಲೇ ಆ ದಾರಿ ತೋರಿಸುತ್ತದೆ. ನಮ್ಮ ದೇಶದ 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ ಮೇಲ್ಮನವಿ ಹಾಕಬಹುದು. ಈ ಸಮಿತಿಗಳು 2023ರಿಂದ ಇವೆ, ಎಲ್ಲವೂ ಆನ್‌ಲೈನ್‌ನಲ್ಲೇ. ದೂರಿನ ಸ್ವೀಕೃತಿ ಸಂಖ್ಯೆ ಮತ್ತು ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ ಮೇಲ್ಮನವಿಯ ಕೆಲಸ ಹಗುರ. ‘ನಿಮ್ಮ ಖಾತೆ ವಾಪಸ್ ಕೊಡಿಸುತ್ತೇವೆ’ ಎಂದು ಕಾಮೆಂಟ್‌ನಲ್ಲಿ ಬಂದು ಹಣ ಕೇಳುವವರ ಹತ್ತಿರ ಸುಳಿಯಬೇಡಿ. ಸೀರೆ ಖಾತೆಯ ಒಡತಿಯನ್ನು ಅಂಥವರೂ ಬಿಡಲಿಲ್ಲ, 3,500 ರೂಪಾಯಿ ಮತ್ತೆ ಹೋಯಿತು.

ಗಿರಾಕಿಗಳ ಹಣ ಹೋಗಿದ್ದರೆ ಕಳೆದುಕೊಂಡವರೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಅದೂ ಕೂಡಲೇ. ಹಣ ಮುಂದಿನ ಖಾತೆಗಳಿಗೆ ಜಾರುವ ಮೊದಲು ದೂರು ತಲುಪಿದರೆ ತಡೆಹಿಡಿಯಲು ಅವಕಾಶವಿದೆ. ಯುಪಿಐ ವಹಿವಾಟಿನ ಯುಟಿಆರ್ ಸಂಖ್ಯೆ (ಆ ಪಾವತಿಯನ್ನು ಗುರುತಿಸುವ ಸಂಖ್ಯೆ), ಹಣ ಹೋದ ಯುಪಿಐ ಐಡಿ, ಹೊತ್ತು ಇವು ಕೈಯಲ್ಲಿರಲಿ. ಖಾತೆ ಕಳೆದುಕೊಂಡವರು ಮಾಡಬೇಕಾದ್ದು, ವಾಟ್ಸಾಪ್ ಸ್ಟೇಟಸ್‌ನಲ್ಲಿ, ಗಿರಾಕಿಗಳ ಗ್ರೂಪಿನಲ್ಲಿ, ಅಂಗಡಿಯಿದ್ದರೆ ಬಾಗಿಲ ಮೇಲೆ, ‘ಈ ಖಾತೆ ಸದ್ಯ ನಮ್ಮ ಕೈಯಲ್ಲಿಲ್ಲ, ಅಲ್ಲಿ ಬರುವ ಕ್ಯೂಆರ್‌ಗೆ ಹಣ ಹಾಕಬೇಡಿ’ ಎಂದು ಗಂಟೆಯೊಳಗೆ ಹಾಕಿಬಿಡುವುದು. ಸೀರೆ ಖಾತೆಯವರು ಮಾನಕ್ಕೆ ಅಂಜಿ ಮರುದಿನ ಬೆಳಿಗ್ಗೆಯವರೆಗೆ ಯಾರಿಗೂ ಹೇಳಲಿಲ್ಲ. ಗಿರಾಕಿಗಳಿಬ್ಬರ ಹಣ ಹೋದದ್ದು ಆ ರಾತ್ರಿಯಲ್ಲೇ.