ಹೊಸ ಲಕ್ಷುರಿ ಕಾರು ಬುಕ್ ಮಾಡಿದ್ದೀರಾ? ನಂಬರ್ ಬೀಳುವ ಮೊದಲು ಇದನ್ನು ಓದಿ

ಹಳೇ ಹೆಸರಿನ ಯುರೋಪಿಯನ್ ಬ್ರ್ಯಾಂಡಿನ ಕಾರು ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೊಸದೆಂದು ನಮಗೆ ಮಾರಿದ ಕಾರು, ನಮ್ಮ ಕೈಗೆ ಬರುವ ಮೊದಲೇ ಎಲ್ಲೋ ಪೆಟ್ಟು ತಿಂದು, ಬಾಗಿಲಿಗೆ ರಿಪೇರಿ ಮಾಡಿಸಿಕೊಂಡು, ಮತ್ತೆ ಪೇಂಟ್ ಆಗಿತ್ತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಬ್ರ್ಯಾಂಡ್ ಯಾವುದು, ಶೋರೂಮ್ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ವಿಷಯ ಗ್ರಾಹಕ ಆಯೋಗದ ಮುಂದಿದೆ. ಹೆಸರು ಗೊತ್ತಿಲ್ಲದಿದ್ದರೂ ನಷ್ಟವಿಲ್ಲ. ನಮಗಾದದ್ದು ಯಾವ ಶೋರೂಮಿನಲ್ಲಾದರೂ ಆಗಬಹುದು.

ಕಾರು ನಮ್ಮಣ್ಣನದು. ದಾವಣಗೆರೆಯಲ್ಲಿ ಅಡಿಕೆ ವ್ಯಾಪಾರ. ಚಿಕ್ಕಂದಿನಿಂದ ಆಸೆಪಟ್ಟ ಬ್ರ್ಯಾಂಡು, ಹೊಸ ಮಾದರಿ ಬರುತ್ತಿದೆ ಅಂದಾಗಿನಿಂದ ಅವನು ಓದದ ವಿಮರ್ಶೆಯಿಲ್ಲ, ನೋಡದ ವಿಡಿಯೊ ಇಲ್ಲ. ಮುಂದಿನ ಗ್ರಿಲ್ ಹಳೆಯದರ ಗತ್ತನ್ನು ಉಳಿಸಿಕೊಂಡಿದೆಯೇ, ಡ್ಯಾಶ್‌ಬೋರ್ಡಿನಲ್ಲಿ ಮರದ ಬದಲು ಬರೀ ಸ್ಕ್ರೀನ್ ಯಾಕೆ, ಹಿಂದಿನ ಸೀಟಿನ ಮಸಾಜ್ ಹೇಗಿದೆ ಎಂದು ಮನೆಯಲ್ಲಿ ಊಟದ ಹೊತ್ತಿಗೂ ಅದೇ ಚರ್ಚೆ. ಮಾದರಿಯ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ: ಅದು ನಿಜಕ್ಕೂ ಒಳ್ಳೆಯ ಕಾರು. ಚಿತ್ರದುರ್ಗ ದಾಟಿದ ಮೇಲೆ ಹೈವೇಯಲ್ಲಿ ಲಾರಿಗಳ ಪಕ್ಕದಲ್ಲೇ ಹೋಗುತ್ತಿದ್ದರೂ ಒಳಗೆ ಮೆಲುದನಿಯಲ್ಲಿ ಮಾತಾಡಬಹುದು. ಸೀಟಿನ ಚರ್ಮ, ಹೊಲಿಗೆ, ಸ್ಟೀರಿಂಗ್‌ನ ತೂಕ ಯಾವುದರಲ್ಲೂ ಕೊರತೆಯಿಲ್ಲ. ವಿಮರ್ಶಕರು ಸುಳ್ಳು ಹೇಳಿರಲಿಲ್ಲ. ಆದರೆ ಅವರು ಓಡಿಸಿದ್ದು ಕಂಪನಿಯೇ ಆರಿಸಿ, ತೊಳೆದು, ಪರೀಕ್ಷಿಸಿ ಕೊಟ್ಟ ಕಾರನ್ನು. ಅವರ ಅಭಿಪ್ರಾಯವೆಲ್ಲ ಮಾದರಿಯ ಬಗ್ಗೆ. ನೀವು ದುಡ್ಡು ಕೊಟ್ಟು ಮನೆಗೆ ತರುವುದು ಒಂದು ನಿರ್ದಿಷ್ಟ ಚಾಸಿ ನಂಬರಿನ ಕಾರನ್ನು. ಆ ಕಾರಿನ ಬಗ್ಗೆ ಯಾವ ವಿಡಿಯೊದಲ್ಲೂ ಏನೂ ಸಿಗುವುದಿಲ್ಲ.

ಡೆಲಿವರಿ ಆಯುಧಪೂಜೆಯ ಹೊತ್ತಿಗೆ, ಬೆಂಗಳೂರಿನಲ್ಲಿ. ನಾವು ಹೋಗುವಷ್ಟರಲ್ಲಿ ನೋಂದಣಿ ಮುಗಿದು ನಂಬರ್ ಪ್ಲೇಟೂ ಕೂತಿತ್ತು. ಈಗ ಪೂರ್ತಿ ಬಾಡಿ ಕಟ್ಟಿದ ಹೊಸ ಖಾಸಗಿ ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕಿಲ್ಲ, ಡೀಲರೇ ಆನ್‌ಲೈನ್‌ನಲ್ಲಿ ಮುಗಿಸುತ್ತಾರೆ. ಅನುಕೂಲವೇನೋ ಹೌದು, ಆದರೆ ಡೀಲರ್ ಬಿಟ್ಟು ಬೇರೆ ಯಾರ ಕಣ್ಣಿಗೂ ಬೀಳದೆ ಕಾರು ನಿಮ್ಮ ಹೆಸರಿಗೆ ಬಂದಿರುತ್ತದೆ. ಕೆಂಪು ರೇಷ್ಮೆ ಬಟ್ಟೆ ಹೊದಿಸಿದ್ದರು, ಹಾರ, ಕೇಕು, ಫೋಟೋಗ್ರಾಫರ್ ಎಲ್ಲ ಸಿದ್ಧವಿತ್ತು. ಒಮ್ಮೆ ಬಿಸಿಲಿಗೆ ತನ್ನಿ, ನೋಡೋಣ ಅಂತ ಅಣ್ಣ ಕೇಳಿದ. “ಹೊರಗೆ ಧೂಳು ಕೂರುತ್ತೆ ಸರ್, ಮುಹೂರ್ತ ಬೇರೆ ಮೀರುತ್ತೆ” ಅಂದರು. ಹಳದಿ ದೀಪದ ಕೆಳಗೇ ಕೀಲಿ ಕೈಗಿಟ್ಟರು.

ಗೊತ್ತಾದದ್ದು ಪಂಕ್ಚರ್‌ನಿಂದ. ಪಿ.ಬಿ. ರಸ್ತೆಯ ಟೈರ್ ಅಂಗಡಿಯವರು ಹಿಂದಿನ ಬಲಗಡೆಯ ಚಕ್ರ ಬಿಚ್ಚಿ, ಒಳಮೈ ಒರೆಸಿ, “ಈ ಟೈರು ಮಿಕ್ಕ ಮೂರರ ಜೊತೆಗಾರ ಅಲ್ಲ ಸರ್” ಅಂದರು. ಟೈರಿನ ಪಕ್ಕದಲ್ಲಿ DOT (ಡಾಟ್) ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 3224 ಎಂದಿದ್ದರೆ 2024ರ 32ನೇ ವಾರ. ಈ ಅಂಕಿಗಳು ಟೈರಿನ ಒಂದೇ ಮಗ್ಗುಲಲ್ಲಿ ಇರಬಹುದು, ನಮ್ಮದರಲ್ಲಿ ಒಳಮುಖವಾಗಿದ್ದುದರಿಂದ ಅಲ್ಲಿಯವರೆಗೆ ಕಂಡಿರಲಿಲ್ಲ. ಮೂರು ಟೈರುಗಳ ತಾರೀಖು ಹತ್ತಿರ ಹತ್ತಿರ ಇತ್ತು. ಇದೊಂದು ತಿಂಗಳುಗಟ್ಟಲೆ ಈಚಿನದು.

ಆಮೇಲೆ ಪರಿಚಯದ ಬಾಡಿ ಶಾಪಿನವರನ್ನು ಮನೆಗೆ ಕರೆಸಿದೆವು. ಅವರು ಪೇಂಟಿನ ದಪ್ಪ ಅಳೆಯುವ ಮೀಟರ್ ಹಿಡಿದು ಇಡೀ ಕಾರು ಸುತ್ತಿದರು. ಎಲ್ಲ ಕಡೆ 110, 120 ಮೈಕ್ರಾನ್ ಆಸುಪಾಸು. ಹಿಂದಿನ ಬಲ ಬಾಗಿಲಿಗೆ ಇಟ್ಟ ತಕ್ಷಣ 480. ಫ್ಯಾಕ್ಟರಿಯಲ್ಲಿ ಬಳಿದ ಬಣ್ಣ ಸಾಮಾನ್ಯವಾಗಿ 100ರಿಂದ 180ರ ಒಳಗಿರುತ್ತದೆ, 480 ಬಂತೆಂದರೆ ಕೆಳಗೆ ಪುಟ್ಟಿ ಇದೆ ಎಂದರ್ಥ. ಬಾಗಿಲು ತೆರೆದು ಕೀಲಿನ ಬೋಲ್ಟುಗಳಿಗೆ ಟಾರ್ಚ್ ಬಿಟ್ಟು ತೋರಿಸಿದರು. ಮೂಲೆಗಳಲ್ಲಿ ಬಣ್ಣ ಕಿತ್ತು ಬಿಳಿ ಲೋಹ ಕಾಣುತ್ತಿತ್ತು, ಅಂದರೆ ಸ್ಪ್ಯಾನರ್ ಬಿದ್ದಿದೆ. ರಬ್ಬರ್ ಬೀಡಿಂಗಿನ ಅಂಚಿಗೆ ಬಣ್ಣದ ಸಣ್ಣ ಹನಿಗಳು ಕೂತಿದ್ದವು, ಉಗುರಿನಿಂದ ಕೆರೆದರೆ ಬರುತ್ತಿದ್ದವು. ಅಣ್ಣ ಮಾತಾಡದೆ ಒಳಗೆ ಹೋದ. ಅವನನ್ನು ಹಾಗೆ ನೋಡಿದ್ದು ನನಗೆ ಇವತ್ತಿಗೂ ಸಂಕಟ.

ಮೀಟರ್ ಬಗ್ಗೆ ಒಂದು ಮಾತು. ಲಕ್ಷುರಿ ಕಾರುಗಳಲ್ಲಿ ಬಾನೆಟ್ಟು, ಬಾಗಿಲು ಬಹಳಷ್ಟು ಸಲ ಅಲ್ಯೂಮಿನಿಯಂ. ಬರೀ ಕಬ್ಬಿಣಕ್ಕೆ ಕೆಲಸ ಮಾಡುವ ಅಗ್ಗದ ಮೀಟರು ಅಲ್ಲಿ ಏನನ್ನೂ ತೋರಿಸುವುದಿಲ್ಲ. ಎರಡೂ ಲೋಹ ಓದುವಂಥದ್ದೇ ಬೇಕು.

ಶೋರೂಮಿನವರು ಮೊದಲು ಸಾಧ್ಯವೇ ಇಲ್ಲ ಎಂದರು. ಫೋಟೊಗಳೊಂದಿಗೆ ಇಮೇಲ್ ಹೋದ ಮೇಲೆ ಮಾತು ಬದಲಾಯಿತು: “ಸಾಗಣೆಯಲ್ಲಿ ಆದ ಸಣ್ಣ ಗೀರು, ಕಂಪನಿಯ ಮಾನದಂಡದಂತೆ ಸರಿಪಡಿಸಿದ್ದೇವೆ.” ಗೀರಿಗೆ ಬಾಗಿಲು ಯಾಕೆ ಬಿಚ್ಚಬೇಕು, ಟೈರು ಯಾಕೆ ಬದಲಾಗಬೇಕು ಎಂಬುದಕ್ಕೆ ಉತ್ತರ ಬರಲಿಲ್ಲ. ಕೊನೆಗೆ ಹೆಚ್ಚುವರಿ ವಾರಂಟಿ, ಉಚಿತ ಸರ್ವಿಸ್ ಕೊಡುತ್ತೇವೆ ಎಂದು ಒಂದು ಕಾಗದ ಮುಂದಿಟ್ಟರು. ಅದರ ಕೆಳಗಡೆ, ಇನ್ನು ಮುಂದೆ ಯಾವ ತಕರಾರೂ ಇಲ್ಲ ಎಂಬ ಸಾಲು. ಅಣ್ಣ ಸಹಿ ಹಾಕಲಿಲ್ಲ. ನಿಮಗೂ ಇಂಥ ಕಾಗದ ಕೊಟ್ಟರೆ ವಕೀಲರಿಗೆ ತೋರಿಸದೆ ಪೆನ್ನು ಎತ್ತಬೇಡಿ.

ತಯಾರಕ ಕಂಪನಿಗೆ ಬರೆದೆವು. ಅಷ್ಟು ಹಳೆಯ ಹೆಸರು, ಅವರಾದರೂ ಕೇಳುತ್ತಾರೆ ಎಂಬ ನಂಬಿಕೆ. ಡೀಲರ್ ಬೇರೆ ಸಂಸ್ಥೆ, ನಮ್ಮಿಬ್ಬರದು ಪ್ರಿನ್ಸಿಪಲ್-ಟು-ಪ್ರಿನ್ಸಿಪಲ್ ಸಂಬಂಧ (ಅಂದರೆ ಅವರು ನಮ್ಮ ಏಜೆಂಟರಲ್ಲ, ಸ್ವತಂತ್ರ ವ್ಯಾಪಾರಿಗಳು), ಮಾರಾಟದಲ್ಲಿ ಆದದ್ದಕ್ಕೆ ಅವರೇ ಹೊಣೆ ಎಂದು ಉತ್ತರ ಬಂತು. ಎಲ್ಲರೂ ಗಮನಿಸಬೇಕಾದ ಜಾಗ ಇದು. ಕಾರ್ಲ್ ಬೆಂಜ್ ಪೇಟೆಂಟ್ ಪಡೆದದ್ದು 1886ರಲ್ಲಿ, ರೋಲ್ಸ್ ಮತ್ತು ರಾಯ್ಸ್ ಮ್ಯಾಂಚೆಸ್ಟರಿನಲ್ಲಿ ಭೇಟಿಯಾದದ್ದು 1904ರಲ್ಲಿ, ಬೆಂಟ್ಲಿ ಹುಟ್ಟಿದ್ದು 1919ರಲ್ಲಿ. ಇಂಥ ಹೆಸರುಗಳ ಮೇಲೆ ನಮಗಿರುವ ಗೌರವ ಸುಮ್ಮನೆ ಬಂದದ್ದಲ್ಲ. ಆದರೆ ಹೆಸರು ಹಳೆಯದಾದರೂ ಯಜಮಾನರು ಬದಲಾಗಿದ್ದಾರೆ: ಬೆಂಟ್ಲಿ 1998ರಲ್ಲಿ ಫೋಕ್ಸ್‌ವ್ಯಾಗನ್ ಪಾಲಾಯಿತು, ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ 2008ರಲ್ಲಿ ನಮ್ಮ ಟಾಟಾಗೆ ಬಂದವು, ವೋಲ್ವೋ ಕಾರುಗಳು 2010ರಲ್ಲಿ ಚೀನಾದ ಗೀಲಿಗೆ ಹೋದವು. ಇನ್ನು ನಿಮ್ಮ ಬಿಲ್ಲಿಗೆ ಸಹಿ ಹಾಕುವವರು ಇವರಾರೂ ಅಲ್ಲ, ಬೆಂಗಳೂರಿನ ಒಬ್ಬ ಡೀಲರ್.

ಕಾನೂನೂ ಈ ವ್ಯತ್ಯಾಸವನ್ನು ಗಂಭೀರವಾಗಿ ನೋಡುತ್ತದೆ. ಗೋವಾದಲ್ಲಿ ಡೀಲರೊಬ್ಬರು 2009ರ, ಅದಾಗಲೇ ಓಡಿದ್ದ ಕಾರನ್ನು 2011ರ ಹೊಸ ಕಾರೆಂದು ಮಾರಿದ್ದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ತಯಾರಕರಿಗೆ ವಿಷಯ ಗೊತ್ತಿತ್ತೆಂದು ತೋರಿಸದ ಹೊರತು ಡೀಲರ್ ಮಾಡಿದ್ದಕ್ಕೆ ಅವರನ್ನು ಹೊಣೆ ಮಾಡಲಾಗದು ಎಂದು 2021ರ ಫೆಬ್ರವರಿಯಲ್ಲಿ ತೀರ್ಪು ಬಂತು. ಹಾಗಾಗಿ ಬ್ರ್ಯಾಂಡಿನ ಲಾಂಛನ ನೋಡಿ ಧೈರ್ಯ ತಂದುಕೊಳ್ಳಬೇಡಿ, ಡೀಲರ್ ಯಾರು ಎಂದು ವಿಚಾರಿಸಿ.

ಇಷ್ಟವಿಲ್ಲದಿದ್ದರೆ ಮಾರಿಬಿಡಿ ಎಂದು ಬಂಧುಗಳು ಸುಲಭವಾಗಿ ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ 20 ಲಕ್ಷಕ್ಕಿಂತ ಮೇಲಿನ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆಯೇ 18 ಪ್ರತಿಶತ, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಕೋಟಿ ಬೆಲೆಯ ಕಾರಿಗೆ ಹತ್ತಿರ ಹತ್ತಿರ 20 ಲಕ್ಷ ಅಲ್ಲೇ ಹೋಯಿತು. ಕಾರು ಮಾರಿದರೆ ಈ ದುಡ್ಡು ಕೈಗೆ ಬರುವುದಿಲ್ಲ. ಕೊಳ್ಳಲು ಬರುವವರೂ ಅದೇ ಮೀಟರ್ ತಂದು ಅದೇ ಬಾಗಿಲಿಗೆ ಹಿಡಿಯುತ್ತಾರೆ. ರಿಪೇರಿಯಾದ ಕಾರೆಂದು ಬೆಲೆ ಇಳಿಸುವುದು ನಮ್ಮ ಮೇಲೆ.

ಊರಿನವರಿಗೆ ಇನ್ನೊಂದು ಕಷ್ಟ. ದಾವಣಗೆರೆಯಲ್ಲಿ ಇದಕ್ಕೆ ವರ್ಕ್‌ಶಾಪ್ ಇಲ್ಲ. ಏನಾದರೂ ಆದರೆ 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಫ್ಲಾಟ್‌ಬೆಡ್ ಮೇಲೆ ಹೋಗಬೇಕು, ಅಲ್ಲಿರುವುದು ನಮ್ಮ ಮೇಲೆ ಸಿಟ್ಟಾಗಿರುವ ಅದೇ ಡೀಲರ್.

ಬುಕ್ ಮಾಡಿರುವವರು ಏನು ಮಾಡಬೇಕು? ಬಾಕಿ ಹಣ ಕಟ್ಟುವ ಮೊದಲು ಚಾಸಿ ನಂಬರನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದರೆ ಸಾಲದು. ಅದೇ ನಂಬರಿನ ಕಾರನ್ನು ನೋಂದಣಿಗೂ ವಿಮೆಗೂ ಮುಂಚೆ ಸ್ಟಾಕ್‌ಯಾರ್ಡಿನಲ್ಲಿ, ಹಗಲು ಬೆಳಕಿನಲ್ಲಿ ನೋಡಿ. ಪೇಂಟ್ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅವರಿಗೆ ಕೊಡುವ ದುಡ್ಡು ಈ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ನಾಲ್ಕೂ ಟೈರಿನ ತಾರೀಖು, ಫಾರ್ಮ್ 22 (ಕಾರು ರಸ್ತೆಗೆ ಯೋಗ್ಯ ಎಂದು ತಯಾರಕರು ಕೊಡುವ ಪ್ರಮಾಣಪತ್ರ), ತಯಾರಾದ ತಿಂಗಳು, ಓಡಿದ ಕಿಲೋಮೀಟರ್ ಎಲ್ಲವನ್ನೂ ವಿಡಿಯೊ ಮಾಡಿ. “ಈ ಕಾರಿಗೆ ಡೆಲಿವರಿಗೆ ಮುಂಚೆ ಯಾವುದೇ ಬಾಡಿ ರಿಪೇರಿ, ಮರುಪೇಂಟ್ ಆಗಿಲ್ಲ” ಎಂದು ಲೆಟರ್‌ಹೆಡ್‌ನಲ್ಲಿ ಬರೆದುಕೊಡಲು ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ನಿಲ್ಲಿಸಿ.

ಈಗಾಗಲೇ ಸಿಕ್ಕಿಹಾಕಿಕೊಂಡಿರುವವರು ಕಾಯಬೇಡಿ. ದೂರು ಕೊಡಲು ಇರುವ ಕಾಲ 2 ವರ್ಷ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲಾದರೆ ದೆಹಲಿಯ ರಾಷ್ಟ್ರೀಯ ಆಯೋಗ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಕಂಪನಿ ಹೆಸರಲ್ಲಿ ಕೊಂಡವರು ಗ್ರಾಹಕರೇ ಅಲ್ಲ ಎಂದು ಎದುರಿನವರು ವಾದಿಸುತ್ತಾರೆ, ಹೆದರಬೇಡಿ. ನಿರ್ದೇಶಕರ ಸ್ವಂತ ಬಳಕೆಗೆ ಕೊಂಡ ಕಾರು ವಾಣಿಜ್ಯ ಉದ್ದೇಶದ್ದಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೇಲ್ಸ್‌ನವರ ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಜಾಬ್ ಕಾರ್ಡುಗಳ (ವರ್ಕ್‌ಶಾಪಿನಲ್ಲಿ ಕಾರಿಗೆ ಮಾಡಿದ ಕೆಲಸದ ದಾಖಲೆ) ಪ್ರತಿ ಕೇಳಿ ಪಡೆಯಿರಿ, ವಾಹನ ಪರಿಶೀಲಿಸುವ ಸ್ವತಂತ್ರ ಸರ್ವೇಯರ್‌ರಿಂದ ಲಿಖಿತ ವರದಿ ತೆಗೆದಿಡಿ.

ನಮ್ಮ ಅರ್ಜಿ ರಾಜ್ಯ ಆಯೋಗದಲ್ಲಿದೆ. ಬೇರೆ ಕಾರು, ಇಲ್ಲವೇ ತೆರಿಗೆ ಸಮೇತ ಪೂರ್ತಿ ಹಣ ಎಂದು ಕೇಳಿದ್ದೇವೆ. ಆ ಬಾಗಿಲನ್ನು ಈವರೆಗೆ ಯಾರಿಗೂ ಮುಟ್ಟಲು ಬಿಟ್ಟಿಲ್ಲ, ಆಯೋಗ ನೇಮಿಸುವ ತಜ್ಞರು ಬಂದು ನೋಡುವವರೆಗೂ ಬಿಡುವುದಿಲ್ಲ. ನಿಮ್ಮ ಕಾರಿಗೆ ಇನ್ನೂ ನಂಬರ್ ಬಿದ್ದಿಲ್ಲವಾದರೆ, ನಾನು ನೋಡುವವರೆಗೆ ನೋಂದಣಿ ಮಾಡಬೇಡಿ ಎಂದು ಶೋರೂಮಿಗೆ ಇವತ್ತೇ ಒಂದು ಇಮೇಲ್ ಕಳಿಸಿ.