ಮಡಿಕೇರಿ ಹತ್ರದ ಜರಿಗಿಡ ನರ್ಸರಿ: ನೆರಳಿನ ತೋಟ ಇರೋರು ಒಮ್ಮೆ ಹೋಗ್ಲೇಬೇಕು

ಕೊಡಗಲ್ಲಿದ್ದುಕೊಂಡು ಜರಿಗಿಡಕ್ಕೆ, ಅಂದ್ರೆ ಫರ್ನ್‌ಗೆ, ದುಡ್ಡು ಕೊಡ್ಬೇಕಾ ಅಂತ ಕೇಳೋರೇ ಜಾಸ್ತಿ, ಬರೆ (ಇಳಿಜಾರಿನ ಮಣ್ಣಿನ ದಿಣ್ಣೆ) ಮೇಲೆ, ತೋಡಿನ ಬದಿ, ಕಾಫಿ ತೋಟದ ಮರದ ಮೇಲೆ ಎಲ್ಲಿ ನೋಡಿದ್ರೂ ಅದೇ ತಾನೆ. ಆದ್ರೂ ನಾನು ಹೇಳೋದು, ದುಡ್ಡು ಕೊಟ್ಟೇ ತಗೊಳ್ಳಿ. ಮಡಿಕೇರಿಯಿಂದ ಭಾಗಮಂಡಲ ಕಡೆ ಹೋಗೋ ರಸ್ತೆಯಲ್ಲಿ ಒಂದು ಸಣ್ಣ ನರ್ಸರಿ ಉಂಟು, ಗಂಡ ಹೆಂಡತಿ ಇಬ್ರೇ ನಡೆಸೋದು, ಅವರು ನಮ್ಮ ಕಾಡಿನ ಜರಿಗಿಡಗಳನ್ನ ಬೀಜಾಣುವಿಂದಲೇ ಬೆಳೆಸ್ತಾರೆ. ಕಾಡಿಂದಲೋ ದೇವರಕಾಡಿಂದಲೋ ಬುಡ ಸಮೇತ ಕಿತ್ತು ತಂದು ಕುಂಡಕ್ಕೆ ತುರುಕಿ ಮಾರೋ ಕೆಲಸ ಅಲ್ಲಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ.

ಬೀಜಾಣುವಿಂದ ಅಂದ್ರೆ ಸುಲಭದ ಕೆಲಸ ಅಲ್ಲ. ನಾನು ತಂದ ಹಕ್ಕಿಗೂಡು ಜರಿಯ ಬಲಿತ ಎಲೆ ಮಗುಚಿ ನೋಡಿದ್ರೆ ನಡುನರದಿಂದ ಓರೆಯಾಗಿ ಕಂದು ಗೆರೆಗಳು ಕಾಣ್ತವಲ್ಲ, ಅದ್ರಲ್ಲಿರೋ ಪುಡಿನೇ ಬೀಜಾಣು, ಅದನ್ನ ಡಬ್ಬಿಯಲ್ಲಿ ಒದ್ದೆ ಮಣ್ಣಿನ ಮೇಲೆ ಉದುರಿಸಿ ಮುಚ್ಚಿಟ್ರೆ ಮೊದ್ಲು ಬರೋದು ಗಿಡ ಅಲ್ಲ, ಉಗುರಿಗಿಂತ ಸಣ್ಣ ಹಸಿರು ಪೊರೆ, ಅದು ಒದ್ದೆಯಾಗಿದ್ರೆ ಮಾತ್ರ ಗಂಡು ಕಣ ನೀರಲ್ಲಿ ಈಜಿ ಹೋಗಿ ಅಂಡಕ್ಕೆ ಸೇರೋದು, ಆಮೇಲೆ ನಿಜವಾದ ಎಲೆ. ಮಾರೋ ಗಾತ್ರಕ್ಕೆ ಬರೋಕೆ ವರ್ಷದ ಮೇಲೇ ಬೇಕು. ಆ ಡಬ್ಬಿಗಳನ್ನ ಆಯಮ್ಮ ಒಂದೊಂದಾಗಿ ತೆಗೆದು ತೋರಿಸಿದ್ರು, ಅದನ್ನ ನೋಡಿದ ಮೇಲೆ ರೇಟು ಚೌಕಾಸಿ ಮಾಡೋ ಮನಸ್ಸೇ ಬರಲ್ಲ.

ನಾನು ತಂದಿದ್ದು ಹಕ್ಕಿಗೂಡು ಜರಿ, ಅಂದ್ರೆ ಆಸ್ಪ್ಲೀನಿಯಮ್. ಮನೆ ಹಿಂದೆ ಹಲಸಿನ ಮರದ ಕೆಳಗೆ ಬಿಸಿಲೇ ಬೀಳದ ಜಾಗ ಇತ್ತು, ಅಲ್ಲಿಗೆ ವರ್ಷಪೂರ್ತಿ ಹಸಿರಾಗಿರೋದು ಬೇಕಿತ್ತು. ತೋಟದ ಮರಗಳ ಮೇಲೆ ಬರೋ ಡ್ರೈನೇರಿಯಾ ಜರಿನೂ ಚಂದವೇ, ಆದ್ರೆ ಬೇಸಿಗೆಯಲ್ಲಿ ಅದ್ರ ಹಸಿರೆಲೆ ಒಣಗಿ ಉದುರಿ ಬುಡದ ಕಂದು ಎಲೆ ಮಾತ್ರ ಉಳಿಯುತ್ತೆ. ಹಕ್ಕಿಗೂಡು ಹಂಗಲ್ಲ. ಫೋನಲ್ಲಿ ಅಮೆರಿಕದ ತೋಟ ನೋಡಿ ಕ್ರಿಸ್‌ಮಸ್ ಫರ್ನ್ ಬೇಕು ಅಂತ ಬರೋರೂ ಇದ್ದಾರಂತೆ, ಅದು ಅಲ್ಲಿಯ ಪೂರ್ವ ಭಾಗದ ಕಾಡಿನ ಗಿಡ, ಹಿಮ ಬೀಳೋ ಚಳಿಗಾಲದಲ್ಲೂ ಹಸಿರಾಗಿರುತ್ತೆ ನಿಜ, ಆದ್ರೆ ನಮ್ಮ ನೆರಳಿಗೆ ನಮ್ಮ ಗಿಡವೇ ಇರೋವಾಗ ಅದ್ಯಾಕೆ?

ನೆಡೋದು ಹೇಗೆ ಅಂತ ಅವರು ಹೇಳಿದ್ದು ಒಂದೊಂದೂ ಸರಿ ಬಂತು. ಹಕ್ಕಿಗೂಡು ಮರದ ಮೇಲೆ ಬೆಳೆಯೋ ಜಾತಿ, ಬರೀ ಕೆಂಪು ಮಣ್ಣಲ್ಲಿ ಹೂತ್ರೆ ಬೇರಿಗೆ ಗಾಳಿ ಆಡಲ್ಲ. ಕಲ್ಲು ಗುಡ್ಡೆ ಹಾಕಿ, ತರಗೆಲೆ ಗೊಬ್ಬರ, ತೆಂಗಿನ ನಾರಿನ ಚೂರು, ಸ್ವಲ್ಪ ಇದ್ದಿಲು ಸೇರಿಸಿ, ಗಿಡನ ಒಂಚೂರು ವಾಲಿಸಿ ಇಡಿ ಅಂದ್ರು. ಯಾಕಂದ್ರೆ ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊಡೆಯೋ ಮಳೆಗೆ ನಡುವಿನ ಬಟ್ಟಲಲ್ಲಿ ನೀರು ನಿಂತು ಕೊಳೆತ್ರೆ ಇಡೀ ಗಿಡವೇ ಹೋಯ್ತು, ಹೊಸ ಎಲೆ ಎಲ್ಲಾ ಬರೋದು ಆ ಒಂದೇ ಜಾಗದಿಂದ. ಸುರುಳಿ ಬಿಚ್ಚೋ ಎಲೆನ ಮುಟ್ಟಬೇಡಿ, ಸೊಟ್ಟಗಾಗುತ್ತೆ. ಕಾಫಿಗೆ ಸುಣ್ಣ ಹಾಕುವಾಗ, ಮೆಣಸಿಗೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವಾಗ ಇದ್ರ ಮೇಲೊಂದು ಗೋಣಿ ಮುಚ್ಚಿ ಅಂತಲೂ ಹೇಳಿದ್ರು. ಈ ಮಾತು ತೋಟ ಗೊತ್ತಿರೋರಷ್ಟೇ ಹೇಳೋಕೆ ಸಾಧ್ಯ.

ಈಗ ಒಂದು ಮಳೆಗಾಲ ದಾಟಿ ಬೇಸಿಗೆನೂ ಕಂಡಿದೆ. ಮಾರ್ಚಲ್ಲಿ ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಬರೋ ಮುಂಚೆ ಎಲೆ ತುದಿ ಸ್ವಲ್ಪ ಕಂದಾಗಿತ್ತು, ಸಂಜೆ ಸುತ್ತಲಿನ ಕಲ್ಲು ನೆನೆಸೋಕೆ ಶುರು ಮಾಡಿದ್ಮೇಲೆ ಮುಂದೆ ಹರಡಲಿಲ್ಲ. ಮಳೆಗಾಲದಲ್ಲಿ ಕಾಟ ಕೊಟ್ಟಿದ್ದು ಬಸವನಹುಳು, ಎಳೆ ಎಲೆನೇ ಹುಡುಕಿ ತಿನ್ನುತ್ತೆ, ರಾತ್ರಿ ಟಾರ್ಚ್ ಹಿಡಿದು ಹೆಕ್ಕೋದೇ ದಾರಿ.

ಸರಿ ಇಲ್ಲದ್ದೂ ಹೇಳ್ಬೇಕು. ಕುಂಡಗಳ ಮೇಲೆ ಹೆಸರಿನ ಚೀಟಿ ಇಲ್ಲ. ಬೋಸ್ಟನ್ ಫರ್ನನ್ನೂ ಕಾಡಿನ ಜರಿಗಳ ಸಾಲಲ್ಲೇ ಇಟ್ಟಿದ್ದಾರೆ, ಕೇಳಿದ್ರೆ ಇದು ಇಲ್ಲಿದಲ್ಲ ಅಂತ ಹೇಳ್ತಾರೆ, ಕೇಳದೆ ಇರೋರಿಗೆ ಗೊತ್ತಾಗೋದು ಹೇಗೆ? ಇದನ್ನ ಅವರು ಬೇಗ ಸರಿ ಮಾಡ್ಬೇಕು, ಇಷ್ಟು ನಿಯತ್ತಾಗಿ ಬೆಳೆಸೋರಿಗೆ ಅದೇನು ಕಷ್ಟ ಅಲ್ಲ. ಪಾರ್ಸೆಲ್ ಕಳ್ಸಲ್ಲ, ಗೂಗಲ್ ಪೇ ಸಿಗ್ನಲ್ ಇದ್ರೆ ಉಂಟು.

ಸಣ್ಣ ಹಕ್ಕಿಗೂಡು 180 ರೂಪಾಯಿ. ಚಿಗುರು ತಾಮ್ರದ ಬಣ್ಣ ಬರೋ ಬ್ಲೆಕ್ನಮ್ ಜರಿಗೆ ರೇಟು ಸ್ವಲ್ಪ ಕಮ್ಮಿ, ಅದಕ್ಕೆ ಇಷ್ಟು ನಾಜೂಕು ಬೇಡ, ಬಿಸಿಲು ಬೀಳೋ ಬರೆಯಲ್ಲೂ ಬೆಳೆಯುತ್ತೆ, ಮೊದಲ ಸಲ ಜರಿ ನೆಡೋರು ಅದನ್ನೇ ತಗೊಳ್ಳಿ. ಹೋಗೋದಾದ್ರೆ ಮೇ ಕೊನೆ ವಾರ ಒಳ್ಳೇದು, ಜೋರು ಮಳೆ ಹಿಡಿಯೋ ಮುಂಚೆ ಬೇರು ಕಚ್ಚಿಕೊಳ್ಳುತ್ತೆ. ರಟ್ಟಿನ ಡಬ್ಬ ಮನೆಯಿಂದ್ಲೇ ತಗೊಂಡ್ಹೋಗಿ, ಕಾರಿನ ಹಿಂದೆ ಹಂಗೇ ಇಟ್ರೆ ತಿರುವಲ್ಲಿ ಎಲೆ ಮುರಿಯುತ್ತೆ.